ರತ್ನವ್ವನ ಕೊನೀ ಮಾತು

ಈ ಕತಿ ನಮ್ಮಕ್ಕ ಶ್ರೀಲೇಖಾಂದು. ಖರೇ ಅಂದ್ರ ಅಕೀನ ಹೇಳಬೇಕು. ಆದ್ರ ಅಕಿ ಹೇಳಾಕ ಕುಂತ್ರ ಒಂದ್ ಮಾತಿಗೆ ಮೂರು ಅಡಿಟಿಪ್ಪಣಿ ಹಾಕ್ತಾಳ, ಕೇಳೂ ಮಂದಿ ಆಕಳಿಸಿ ಎದ್ದು ಹೋಗ್ತಾರ. ನಾ ಸೋಲಾಪುರದಾಗ ಸೀರಿ ಅಂಗಡ್ಯಾಗ ಕೂಡಾಕಿ, ಹೆಸರು ನಂದಾ. ಬಂದ ಗಿರಾಕಿ ಎದ್ದು ಹೋಗದಂಗ ಮಾತಾಡೂದು ನನಗ ಗೊತ್ತೈತಿ. ಅದಕ್ಕ ನಾನ ಹೇಳ್ತೀನಿ. ಚಹಾ ಕುಡಕೋತ ಕೇಳ್ರಿ, ನಡುವ ಏಳಬ್ಯಾಡ್ರಿ.

ಅಂಗಡಿ ನಮ್ಮಜ್ಜಂದು. ನಾವು ಸಣ್ಣವರಿದ್ದಾಗ ಅಕ್ಕಲಕೋಟ ಸುತ್ತಿನ ಹಳ್ಳ್ಯಾಗ ನಾಟಕ ಇದ್ರ ಪಾತ್ರದವರು ಜರದ ಸೀರಿ, ಶಾಲು, ರುಮಾಲು ಒಯ್ಯಾಕ ನಮ್ಮಲ್ಲೇ ಬರ್ತಿದ್ರು. ರುಮಾಲು ಸುತ್ತಿಕೊಂಡು ಕನ್ನಡಿ ಮುಂದ ನಿಂತ್ರ ಮುಗೀತು, ಅಲ್ಲೇ ಗೌಡ ಆಗಿ ಗುಡುಗಾವ್ರು. ಬಾಜೂ ಅಂಗಡಿಯವರು ಜಗಳಾ ಹತ್ತೇತಿ ಅಂತ ಓಡಿ ಬರಾವ್ರು. ಅಕ್ಕ ಒಂದರ ಮ್ಯಾಲ ಒಂದ್ ಒಟ್ಟಿದ ಚಾದರದ ಥಪ್ಪಿ ಮ್ಯಾಲ ಕುಂತು ಬಾಯಿ ತಕ್ಕೊಂಡು ನೋಡಾಕಿ. ಅವರು ಹೋದ ಮ್ಯಾಲ ಅವರಾಡಿದ ಮಾತು ಒಂದೂ ಬಿಡದಂಗ ನನ್ನ ಮುಂದ ಹೇಳಾಕಿ. ಆಗ ನನಗ ಐದು, ಅಕಿಗೆ ಹನ್ನೊಂದು.

ಇಷ್ಟು ಹುಚ್ಚಿದ್ದಾಕಿ ಸ್ಟೇಜ್ ಹತ್ತಬೇಕಿತ್ತಲ್ಲ? ಹತ್ತಿದ್ಲು, ಒಂದ ಸಲ. ಏಳನೇ ಕ್ಲಾಸಿನ್ಯಾಗ ಇದ್ದಾಗ ಸಾಲಿ ವಾರ್ಷಿಕೋತ್ಸವದ ಗ್ಯಾದರಿಂಗ್‌ನ್ಯಾಗ ರಾಣಿ ಪಾತ್ರ. ತಿಂಗಳಗಟ್ಲೆ ತಾಲೀಮು ಮಾಡಿದ್ಲು. ಪರದೆ ಸರೀತು, ಬೆಳಕು ಮುಖದ ಮ್ಯಾಲ ಬಿತ್ತು, ನಮ್ಮಕ್ಕ ಕಂಬದಂಗ ನಿಂತ್ಲು. ಒಂದ್ ಅಕ್ಷರ ಬಾಯಿಂದ ಹೊರಬೀಳವಲ್ದು. ರಾಜಾ ಆದ ಹುಡುಗಿ ತನ್ನ ಮಾತು ಎರಡು ಸಲ, ಮೂರು ಸಲ ಹೇಳಿದ್ಲು. ಅಕ್ಕನ ಕಣ್ಣಾಗ ನೀರು ತುಂಬಿದ್ದು ಮುಂದಿನ ಸಾಲಿನ್ಯಾಗಿದ್ದ ನನಗ ಕಾಣ್ತು. ನಾ ಏಳು ವರ್ಷದಾಕಿ ಅವ್ವನ ತೊಡಿಯಿಂದ ಇಳದು, ಸ್ಟೇಜ್ ಹತ್ತಿ, ಅಕಿ ಕೈ ಹಿಡದು, "ಅಕ್ಕಾ, ನಡಿ ಮನಿಗಿ" ಅಂದೆ. ಇಡೀ ಸಭಾ ಬಿದ್ದು ಬಿದ್ದು ನಕ್ತು. ಅಕ್ಕ ಒಂದ್ ವಾರ ನನ್ನ ಜೋಡಿ ಮಾತಾಡಲಿಲ್ಲ. ಆವತ್ತಿನಿಂದ ಯಾವ ಸ್ಟೇಜೂ ಹತ್ತಲಿಲ್ಲ.

ಹತ್ತಲಾರದವರು ಏನ್ ಮಾಡ್ತಾರ? ಓದ್ತಾರ. ನಮ್ಮ ಸಾಲಿ ಮರಾಠಿ. ಮನ್ಯಾಗ ಕನ್ನಡ ಮಾತಾಡ್ತೀವಿ ಖರೆ, ಅಕ್ಷರ ಬರಂಗಿಲ್ಲ. ಅಕ್ಕ ಹಟಾ ಹಿಡದು ಬಸ್ ಸ್ಟ್ಯಾಂಡಿಗೆ ಹೋಗಿ, ಕರ್ನಾಟಕದಿಂದ ಬಂದ ಬಸ್ಸಿನ ಬೋರ್ಡ್ ನೋಡಿ ನೋಡಿ ಕನ್ನಡ ಅಕ್ಷರ ಕಲ್ತ್ಲು. ಮುಂದ ಎಂ.ಎ. ಸುದ್ದಾ ಕನ್ನಡದಾಗ ಮಾಡಿ, ಅಕ್ಕಲಕೋಟದ ಒಂದು ಕಾಲೇಜಿನ್ಯಾಗ ಕಲಸಾಕ ಹತ್ತಿದ್ಲು. ದಿನಾ ಎಸ್‌ಟಿ ಬಸ್ಸಿನ್ಯಾಗ ಹೋಗಿ ಬರೂದು. ಕ್ಲಾಸಿನ್ಯಾಗೂ ಕುರ್ಚಿ ಬಿಟ್ಟು ಏಳಂಗಿಲ್ಲಂತ, ಪುಸ್ತಕದಾಗ ಮುಖಾ ಇಟ್ಟು ಪಾಠ ಹೇಳ್ತಾಳಂತ. ನಲವತ್ತನೇ ವಯಸ್ಸಿಗೆ, "ನಂದಾ, ನಾ ಪಿಎಚ್.ಡಿ.ಗೆ ಹೆಸರು ಹಚ್ಚಿದೆ" ಅಂದ್ಲು. "ಹಚ್ಚಿದ್ರ ಹಚ್ಚು, ಅಡಗೀ ಪಾಳಿ ಮಾತ್ರ ತಪ್ಪಸಂಗಿಲ್ಲ" ಅಂದೆ ನಾ.

ಈ ಸಂಶೋಧನ ಮಾಡೂ ಮಂದಿ ಒಮ್ಮೆ ನಮ್ಮ ಮನಿಗೆ ಊಟಕ್ಕ ಬಂದಿದ್ರು. ಯಪ್ಪಾ ಯಪ್ಪಾ! ಕಡಕ್ ರೊಟ್ಟಿ, ಶೇಂಗಾ ಚಟ್ನಿ ಒಂದ ಕಡೆ, ಅವರ ಮಾತು ಒಂದ ಕಡೆ. ಅನಂತ ಸರ್ ಅಂತ ಒಬ್ಬರು, ಬ್ಯಾಂಕಿನ್ಯಾಗ ಕ್ಲಾರ್ಕ್ ಇದ್ದು ರಿಟೈರ್ ಆದವರು. ನಾಟಕದ ಕಾಡಿನ ಪರದೆ ಒಳಗ ಯಾವ ಯಾವ ಗಿಡಾ ಬರೀತಿದ್ರು ಅನ್ನೂದು ಅವರ ವಿಷಯ. ಎಂಟು ವರ್ಷದಿಂದ ಗಿಡಾ ಎಣಸಾಕತ್ಯಾರ! ಶುಭಾಂಗಿ ಅನ್ನಾಕಿ ಗಿರಣಿ ಕೆಲಸಗಾರನ ಮಗಳು. ಗಿರಣಿಯವರು ಪಾಳಿ ಮುಗಿಸಿ ಬಂದು ಚಾಳಿನ್ಯಾಗ ಆಡ್ತಿದ್ದ ನಾಟಕ ಹುಡಕ್ಯಾಡ್ತಾಳ. ಅವರಪ್ಪ ಒಂದರಾಗ ಪೊಲೀಸ್ ಆಗಿದ್ನಂತ, ಅದನ್ನ ಹೇಳೂವಾಗ ಅಕಿ ಮುಖಾ ಎಷ್ಟು ಅರಳಿತ್ತು ಅಂತೀರಿ! ನನಗೂ ಹುರುಪು ಬಂದು, "ಅಕ್ಕಾ, ನಿಂದೇನ ವಿಷಯ?" ಅಂತ ಕೇಳಿದೆ. ಅಕಿ ರೊಟ್ಟಿ ಮುರಕೋತ, "ಪಾತ್ರದವರು ಮಾತು ಹೆಂಗ ನೆನಪಿಡ್ತಿದ್ರು ಅನ್ನೂದು" ಅಂದ್ಲು. ನನಗ ಗ್ಯಾದರಿಂಗ್ ನೆನಪಾಗಿ, ಅಕಿ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದೆ.

ಅಕಿ ಹಿಡದದ್ದು ಒಂದ ನಾಟಕ, 'ರತ್ನವ್ವ ಹೇಳಿದ ಸಾಕ್ಷಿ' ಅಂತ. ಅಕ್ಕಲಕೋಟದ ಪೇಟಿ ಮಾಸ್ತರ ಸಾತಲಿಂಗಪ್ಪ ಅನ್ನಾವ್ರು ನಲವತ್ತು ವರ್ಷದ ಹಿಂದ ಬರದು, ತಾವ ಹಾರ್ಮೋನಿಯಂ ಬಾರಿಸಿ, ಸುತ್ತಿನ ಹಳ್ಳ್ಯಾಗೆಲ್ಲಾ ಕಲಿಸಿದ್ದು. ಕತಿ ಏನಂದ್ರ, ಒಬ್ಬ ಗೌಡ ತಾ ಮಾಡಿದ ಕಳವನ್ನ ಮನಿ ಆಳಿನ ತಲಿಗೆ ಕಟ್ತಾನ. ಕಣ್ಣಾರೆ ಕಂಡ ಸೊಸಿ ರತ್ನವ್ವ ತುಂಬಿದ ಪಂಚಾಯ್ತಿಯೊಳಗ ಮಾವನ ವಿರುದ್ಧ ಸಾಕ್ಷಿ ಹೇಳ್ತಾಳ. ಗಂಡನ ಮನಿಯವರು ಅಕಿನ್ನ ಹೊರಗ ಹಾಕ್ತಾರ. ಕೊನೀ ಸೀನಿನ್ಯಾಗ ರತ್ನವ್ವ ಊರ ಕಟ್ಟಿ ಮ್ಯಾಲ ಒಬ್ಬಾಕಿನ ಕುಂತಿರ್ತಾಳ. ತವರಿನಿಂದ ತಂಗಿ ಬರ್ತಾಳ, ಒಂದ್ ಮಾತು ಕೇಳ್ತಾಳ. ಅದಕ್ಕ ರತ್ನವ್ವ ತನ್ನ ಕೊನೀ ಮಾತು ಆಡ್ತಾಳ, ಪರದೆ ಬೀಳ್ತೈತಿ. ಆ ಕೊನೀ ಮಾತಿಗೆ ಗಂಡಸರು ಎದ್ದು ಸೀಟಿ ಹೊಡೀತಿದ್ರಂತ, ಹೆಣ್ಮಕ್ಕಳು ಸೆರಗಿಲೆ ಕಣ್ಣ ಒರಸ್ಕೋತಿದ್ರಂತ. ಮಾತು ಏನಿತ್ತು ಅಂದ್ರ ಮಾತ್ರ ಒಬ್ಬರಿಗೂ ನೆನಪಿಲ್ಲ.

ಮೊದಲ ಎರಡು ವರ್ಷ ಅಕ್ಕ ಪೂರಾ ಹಾಳ ಮಾಡಿದ್ಲು. ಹೋದ ಊರಾಗೆಲ್ಲಾ "ನಾಟಕದ ಪುಸ್ತಕ ಐತೇನ್ರಿ?" ಅಂತ ಕೇಳೂದು, ಅವರು "ಇಲ್ಲವಾ" ಅನ್ನೂದು, ಇಕಿ ಜೋಲು ಮಾರಿ ಹಾಕ್ಕೊಂಡು ಬರೂದು. ಅವರೇನ್ ಸುಳ್ಳ ಹೇಳ್ತಿದ್ದಿಲ್ಲ. ಪುಸ್ತಕ ಇದ್ದದ್ದು ಒಂದ, ಮಾಸ್ತರ ಕೈಯಾಗ. ಬ್ಯಾರೆ ಊರವರು ಎಲ್ಲಿ ನಾಟಕ ಕದ್ದಾರೋ ಅಂತ ಅವರು ಅದನ್ನ ಯಾರಿಗೂ ಮುಟ್ಟಗೊಡ್ತಿದ್ದಿಲ್ಲ. ಸತ್ತಾಗ ಅವರು ಹೇಳಿಟ್ಟಂಗ ನಾಟಕ ಬರದ ಆ ವಹೀನೂ ಅವರ ಜೋಡೀನ ಸಮಾಧಿಯೊಳಗ ಇಟ್ರು.

ಮಂದ್ರೂಪದಾಗ ಗುರುಸಿದ್ಧ ಅನ್ನೂ ಮುತ್ಯಾ, ರತ್ನವ್ವನ ಗಂಡನ ಪಾತ್ರ ಮಾಡಿದಾಂವ. ಅಕ್ಕ ಮೂರನೇ ಸಲ ಹೋಗಿ ಅದ ಪ್ರಶ್ನಿ ಕೇಳಿದಾಗ ಮುತ್ಯಾಗ ಬ್ಯಾಸರಾತು. "ಪುಸ್ತಕ ಇಲ್ಲಂತ ಎಷ್ಟ ಸಲ ಹೇಳಬೇಕವಾ? ನನ್ನ ಹಾಳಿ ಬೇಕಾದ್ರ ಅದಾವ, ತಗೊ" ಅಂತ ಟ್ರಂಕಿನಿಂದ ನಾಕು ಹಾಳಿ ತಗದು ಉಡಿಯಾಗ ಒಗದ. ಅಕ್ಕ ಅಲ್ಲೇ ನೆಲದ ಮ್ಯಾಲ ಕುಂತುಬಿಟ್ಲು.

ಏನಿತ್ತು ಗೊತ್ತೇನು ಅದರಾಗ? ಆ ಮುತ್ಯಾನ ಮಾತು ಅಷ್ಟ! ಮಾಸ್ತರು ಒಬ್ಬೊಬ್ಬರಿಗೆ ಅವರವರ ಮಾತು ಮಾತ್ರ ಬರದು ಕೊಡ್ತಿದ್ರು. ಪ್ರತಿ ಮಾತಿನ ಮ್ಯಾಲ, ಅದಕ್ಕಿಂತ ಮೊದಲ ಮಾತಾಡಾವ್ರ ಕೊನೀ ಎರಡು ಶಬ್ದ. ಅವು ಕಿವಿಗೆ ಬಿದ್ದ ಕೂಡಲೆ ಇವರು ಬಾಯಿ ತಗೀಬೇಕು. ಆ ಎರಡು ಶಬ್ದಕ್ಕ ಮಾಸ್ತರು ಕೊಂಡಿ ಅಂತಿದ್ರಂತ. ಪೂರಾ ನಾಟಕ ಒಬ್ಬರ ಹತ್ರನೂ ಇಲ್ಲ, ಎಲ್ಲಾರ ಟ್ರಂಕಿನ್ಯಾಗೂ ಒಂದೊಂದು ತುಂಡು ಐತಿ! ಅಕ್ಕ ಆವತ್ತು ಮನಿಗೆ ಬಂದು ಚಪ್ಪಲಿ ಸುದ್ದಾ ಬಿಡದ ಒಳಗ ಓಡಿ ಬಂದ್ಲು. "ನಂದಾ! ನಾಟಕ ಸತ್ತಿಲ್ಲ, ಹಂಚಿ ಹೋಗೇತಿ!" ಅಂತ ಕುಣದಾಡಿದ್ಲು. ಅಕಿ ಕುಣದಾಡಿದ್ದನ್ನ ನಾ ಸಣ್ಣಂದಿನ ಮ್ಯಾಲ ಅವತ್ತ ನೋಡಿದ್ದು.

ಮುಂದಿನ ನಾಕು ವರ್ಷ ಅಕಿ ಹಾಳಿ ಬೆನ್ನ ಹತ್ತಿದ್ಲು. ಪಾತ್ರ ಎಂಟು. ಒಬ್ಬರದು ದೇವರ ಫೋಟೋದ ಹಿಂದ ಸಿಕ್ತು, ಒಬ್ಬರದು ಹಿಟ್ಟಿನ ಡಬ್ಬಿಯೊಳಗ ಸಿಕ್ತು. ಆರು ಪಾತ್ರದ್ದು ಕೂಡಿತು. ತಂಗಿ ಪಾತ್ರದಾಕಿ ತೀರಿಹೋಗಿ ಬಾಳ ವರ್ಷ ಆಗಿತ್ತು, ಅಕಿ ಹಾಳಿ ಎಲ್ಲೂ ಇಲ್ಲ. ಇರ್ಲಿ, ಅದು ಒಂದ ಮಾತಿನ ಪಾತ್ರ. ಆದ್ರ ರತ್ನವ್ವ? ಬ್ಯಾರೆಯವರ ಹಾಳಿ ಮ್ಯಾಲ ಕೊಂಡಿ ಆಗಿ ರತ್ನವ್ವನ ಒಂದೊಂದು ಮಾತಿನ ಬಾಲ ಅಷ್ಟ ಸಿಗ್ತಿತ್ತು. ಕೊನೀ ಮಾತಿನ ಬಾಲ ಸುದ್ದಾ ಇಲ್ಲ, ಯಾಕಂದ್ರ ಅದರ ಮುಂದ ಯಾರೂ ಮಾತಾಡಂಗಿಲ್ಲ, ಪರದೇನ ಬೀಳ್ತೈತಿ.

ಅಷ್ಟರಾಗ ಅಕಿ ಗೈಡ್ ಸೋಮೇಶ ಸರ್ ಕಡ್ಡಿ ಮುರದಂಗ ಹೇಳಿದ್ರು. "ನಾಯಕಿ ಇಲ್ಲದ ನಾಟಕ ಯಾರ್ ಒಪ್ತಾರ್ರೀ ಮೇಡಂ? ಈ ತಿಂಗಳ ಮೂವತ್ತಕ್ಕ ನಿಮ್ಮ ರಜಿಸ್ಟ್ರೇಶನ್ ಮುಗೀತೈತಿ. ರತ್ನವ್ವನ ಮಾತು ತಂದ್ರ ಸೈ. ಇಲ್ಲಾಂದ್ರ ಆರು ವರ್ಷದ ಕೆಲಸ ಬಿಟ್ಟು ಹೊಸಾ ವಿಷಯ ಹಿಡೀರಿ." ಕೈಯಾಗಿದ್ದದ್ದು ಹತ್ತೊಂಬತ್ತು ದಿನ. ಅಕ್ಕ ಊಟಕ್ಕ ಕುಂತ್ರ ಅನ್ನದಾಗ ಬಳ್ಳಿಟ್ಟು ಸುಮ್ಮ ಗೀರತಿದ್ಲು.

ದೊಡ್ಡ ಲೇಡೀಸ್ ಪಾತ್ರಕ್ಕ ಆಗ ಹೊರಗಿಂದ ಕರಸ್ತಿದ್ರು. ಬಂದು, ಬಣ್ಣ ಹಚ್ಚಿ, ಆಡಿ, ಮುಂಜಾನಿ ಗಾಡಿ ಹತ್ತಿ ಹೋಗಾವ್ರು. ಅವರ ಹೆಸರು ಯಾರು ಕೇಳ್ತಿದ್ರು? ಕೇಳಿದವರೂ ಮನ್ಯಾಗ ಹೇಳ್ತಿದ್ದಿಲ್ಲ. ತಡವಳದ ಶಂಕರೆಪ್ಪ ಮುತ್ಯಾ ಗೌಡನ ಪಾತ್ರದಾಂವ. ಆತನ ಹಾಳಿ ತರಾಕ ಹೋದಾಗ ನಾನೂ ಜೋಡಿ ಇದ್ದೆ. ಎಂಬತ್ತರ ಮುದುಕ ಎದ್ದು ನಿಂತು ಗೌಡನ ಮಾತು ಹೇಳಿ ತೋರಿಸಿದ್ದು ಇನ್ನಾ ನನ್ನ ಕಿವ್ಯಾಗೈತಿ. ಈಗ ಮತ್ತ ಹೋಗಿ ರತ್ನವ್ವ ಆದಾಕಿ ಯಾರು ಅಂತ ಕೇಳಿದ್ರ, "ನೆನಪಿಲ್ಲವಾ" ಅಂತ ಮೀಸಿ ತಿರುವಿದ. ಒಳಗಿಂದ ಆತನ ಹೇಣ್ತಿ ಗುರುಬಾಯಿ ಒದರಿದ್ಲು, "ಸುಗಲಾ ಅಂತ ಅಕಿ ಹೆಸರು, ದುಧನಿಯಾಕಿ! ಈ ಮನಿಶ್ಯಾಗ ಚಲೋ ನೆನಪೈತಿ, ನಾ ಒಳಗಿದ್ದೀನಿ ಅಂತ ಬಾಯಿ ಬಿಡವಲ್ಲ!" ಮುತ್ಯಾ ತಲಿ ತಗ್ಗಿಸಿದ. ಅಕ್ಕ ಗುರುಬಾಯಿ ಕಾಲಿಗೆ ಬಿದ್ದು ಬಂದ್ಲು.

ಸುಗಲಾಬಾಯಿ ಸಿಕ್ಕಳು ರೀ, ಖರೇನ ಸಿಕ್ಕಳು! ದುಧನಿ ಸ್ಟೇಶನ್ ಹಿಂದ, ತಮ್ಮನ ಮೊಮ್ಮಗಳು ಸ್ನೇಹಲ ಜೋಡಿ ಇರ್ತಾಳ. ವಯಸ್ಸು ಎಪ್ಪತ್ತೆಂಟು, ಕೌದಿ ಹೊಲೀತಾಳ. "ಹೌದವಾ, ರತ್ನವ್ವ ನಾನ" ಅಂದ್ಲಂತ. ಅಕ್ಕ ಮೊಬೈಲ್ ಮುಂದ ಇಟ್ಟು, "ನಿಮ್ಮ ಮಾತು ಹೇಳ್ರಿ ಅಮ್ಮಾ, ನಿಧಾನ ನೆನಪ ಮಾಡ್ಕೋರಿ" ಅಂದ್ಲಂತ. ಮುದುಕಿ ಕಣ್ಣ ಮುಚ್ಚಿದ್ಲು, ತುಟಿ ಅಲ್ಲಾಡಿಸಿದ್ಲು, ಕಡೀಕ "ಬರವಲ್ವು ಮಗಳ" ಅಂದ್ಲು. "ನಾ ಸಾಲಿ ಕಂಡಾಕಿ ಅಲ್ಲ. ಮಾಸ್ತರು ಬಾಯಿಲೆ ಹೇಳಿಕೊಟ್ಟದ್ದು. ಹಿಂಗ ಕುಂಡ್ರಿಸಿ ಹೇಳು ಅಂದ್ರ ಎಲ್ಲಿಂದ ತರ್ಲಿ?" ಎರಡನೇ ಸಲ ಹೋದಾಗೂ ಅದ ಹಾಡು.

ಇಪ್ಪತ್ತೆಂಟನೇ ತಾರೀಖು ಮೂರನೇ ಸಲ ಹೊಂಟ್ಲು. ಅಂಗಡಿ ಮುಚ್ಚಿ ನಾನೂ ಹೊಂಟೆ. ಅಕಿ ಸೋತ ಬರ್ತಾಳ ಅಂತ ನನಗ ಖಾತ್ರಿ ಇತ್ತು. ಬರೂವಾಗ ಗಾಡ್ಯಾಗ ಒಬ್ಬಾಕಿನ ಕುಂತು ಅಳಬಾರದು, ಅಷ್ಟ ನನ್ನ ವಿಚಾರ.

ಮಧ್ಯಾಹ್ನ ಎರಡಕ್ಕ ಮುಟ್ಟಿದ್ವಿ. ಒಂದ್ ತಾಸು ಅಕ್ಕ ಕೇಳಿದ್ಲು, ಮುದುಕಿ ತಲಿ ಅಲ್ಲಾಡಿಸಿದ್ಲು. ಅಕ್ಕ ಅಂಗಳಕ್ಕ ಹೋಗಿ ಗೋಡಿ ಕಡೆ ಮುಖಾ ಮಾಡಿ ನಿಂತ್ಲು. ಸುಗಲಾಬಾಯಿಗೂ ಕೆಟ್ಟನಿಸಿ, "ಚಹಾ ಅರೆ ಮಾಡ್ತೀನಿ ತಡೀರಿ" ಅಂತ ಅಡಗಿಮನಿಗೆ ಹೋದ್ಲು. ನಾ ಒಬ್ಬಾಕಿ ಕುಂತು ಏನ್ ಮಾಡ್ಲಿ? ಅಕ್ಕನ ಫೈಲ್ ಬಿಚ್ಚಿದೆ. ಮ್ಯಾಲ ಶಂಕರೆಪ್ಪ ಮುತ್ಯಾನ ಹಾಳಿ. ನನಗ ಕನ್ನಡ ಅಕ್ಷರ ಕೂಡಿಸಿ ಕೂಡಿಸಿ ಓದೂವಷ್ಟ ಬರ್ತಾವ, ಆದ್ರ ಅದೊಂದು ಮಾತು ಮುತ್ಯಾನ ಬಾಯಿಲೆ ಕೇಳಿದ್ದು ನೆನಪಿತ್ತು. ಸಿಟ್ಟಿಗೋ ಚ್ಯಾಷ್ಟಿಗೋ ಗೊತ್ತಿಲ್ಲ, ಮುತ್ಯಾನ ಗತೆ ಎದಿ ಸೆಟಿಸಿ ಒದರಿದೆ:

"ಯಾರ ಮನೀ ಉಪ್ಪು ತಿಂದು ಯಾರ ಪರವಾಗಿ ನಿಂತೀಯೇ ಹೆಣ್ಣೇ?"

ಅಡಗಿಮನಿಯಿಂದ ಸಿಡಿಲು ಬಡದಂಗ ಉತ್ತರ ಬಂತು:

"ಉಪ್ಪು ನಿಮ್ಮದಿರಬಹುದು ಮಾವಯ್ಯಾ, ನಾಲಿಗೆ ನನ್ನದು!"

ಕೈಯಾಗಿನ ಹಾಳಿ ನೋಡಿದೆ. ಗೌಡನ ಮುಂದಿನ ಮಾತಿನ ಮ್ಯಾಲ ಕೊಂಡಿ ಬರದಿತ್ತು: 'ನಾಲಿಗೆ ನನ್ನದು'. ಅದ ಎರಡು ಶಬ್ದ! ಅಂಗಳದಿಂದ ಅಕ್ಕ ಓಡಿ ಬಂದ್ಲು. ಅಡಗಿಮನಿ ಬಾಗಿಲದಾಗ ಸುಗಲಾಬಾಯಿ, ಕೈಯಾಗ ಚಹಾ ಸೋಸೂ ಸಾಣಿಗಿ, ತನ್ನ ಬಾಯಿ ತಾನ ಮುಟ್ಟಿ ನೋಡಿಕೋತ ನಿಂತಿದ್ಲು.

"ಎದುರಿನವರು ಮಾತಾಡಿದ್ರ ಬರ್ತಾವಲ್ಲ ಮಗಳ!" ಅಂದ್ಲು. ಮುದುಕಿ ಕಣ್ಣು ಮಿಂಚಾಕತ್ತಿದ್ವು.

ನಾವೆಂಥಾ ಹುಚ್ಚರು! ನೆನಪಿಡೂದರ ಮ್ಯಾಲ ಆರು ವರ್ಷ ಕಣ್ಣ ಕಳಕೊಂಡಾಕಿಗೆ ಅದು ಹೊಳದಿದ್ದಿಲ್ಲ. ಒಬ್ಬಾಕಿನ ಕುಂಡ್ರಿಸಿ ಹೇಳು ಅಂದ್ರ ಹೆಂಗ ಹೇಳ್ಯಾಳು? ಅಕಿ ಮಾತು ಅಕಿ ಹತ್ರ ಇದ್ವು, ಅವನ್ನ ಎಬ್ಬಿಸೂ ಕೊಂಡಿ ನಮ್ಮ ಫೈಲಿನ್ಯಾಗಿದ್ವು.

"ಮೊದಲಿಂದ ಹಿಡೀರಿ!" ಅಂತ ಸುಗಲಾಬಾಯಿ ಕೌದಿ ಸರಿಸಿ ನಡಮನ್ಯಾಗ ನಿಂತ್ಲು. ಸ್ನೇಹಲ ಮೊಬೈಲ್ ಹಿಡದ್ಲು. ನಾ ಮೊದಲನೇ ಹಾಳಿ ತಗೊಂಡು ಗಂ... ಗಂಗೆ... ಅಂತ ಅಕ್ಷರ ಕೂಡಸಾಕತ್ತಿದೆ. ಮುದುಕಿಗೆ ಸಿಟ್ಟ ನೆತ್ತಿಗೇರ್ತು. "ಹಂಗ ತೊದಲಿದ್ರ ನನ್ನ ಮಾತು ಒಳಗ ಸಾಯ್ತಾವ. ನೀ ಕೂಡು. ಓದಿದಾಕಿ ಬರ್ಲಿ."

ಅಕ್ಕ ಕುರ್ಚಿ ಮ್ಯಾಲ ಕುಂತು, ಕ್ಲಾಸಿನ್ಯಾಗ ಓದೂಹಂಗ ಹಾಳಿಯೊಳಗ ಮುಖಾ ಇಟ್ಟು ಓದಿದ್ಲು. ಸುಗಲಾಬಾಯಿ ತುಟಿ ಪಿಟಕ್ ಅನ್ನಲಿಲ್ಲ.

"ಎದ್ದು ನಿಂದರು" ಅಂದ್ಲು ಮುದುಕಿ. "ನನ್ನ ಮುಖಾ ನೋಡಿ ಮಾತಾಡು. ನಾ ಗೋಡಿಗೆ ಉತ್ತರ ಕೊಡಾಕಿ ಅಲ್ಲ."

ಅಕ್ಕ ನನ್ನ ಕಡೆ ನೋಡಿದ್ಲು. ಅದ ಕಣ್ಣು ರೀ, ಗ್ಯಾದರಿಂಗ್‌ನ್ಯಾಗಿನವ! ನನ್ನ ನಾಲಿಗಿ ತುದಿಗೆ ಬಂದಿತ್ತು, ಅಕ್ಕಾ ನಡಿ ಮನಿಗಿ ಅಂತ. ಗಟ್ಟ್ಯಾಗಿ ಹಲ್ಲ ಕಚ್ಚಿ ತಡಕೊಂಡೆ. ಈ ಸಲ ನಾ ಕರದ್ರ ಅಕಿ ಎದ್ದು ಬಂದಬಿಡ್ತಾಳ, ಆರು ವರ್ಷ ಅಲ್ಲೇ ಮಣ್ಣಾಗ್ತೈತಿ, ಅದು ನನಗ ಗೊತ್ತಿತ್ತು. "ಏಳು ಅಕ್ಕಾ" ಅಂದೆ. "ಮರತ್ರ ಹಾಳಿ ಕೈಯಾಗೈತಲ್ಲ. ಏಳು!"

ಎದ್ಲು. ಮೊದಲನೇ ಮಾತು ಸಣ್ಣ ದನಿಯಾಗ ಹೊರಗ ಬಂತು. ಅದಕ್ಕ ಸುಗಲಾಬಾಯಿ ಉತ್ತರ ಬಂತು, ನೋಡ್ರಿ, ಅದನ್ನ ಕೇಳಿ ಸುಮ್ಮ ನಿಲ್ಲೂದು ಯಾರಿಗೂ ಸಾಧ್ಯ ಇದ್ದಿಲ್ಲ! ಎಪ್ಪತ್ತೆಂಟರ ಮುದುಕಿ ಹೋಗಿ ಇಪ್ಪತ್ತರ ಸೊಸಿ ನಿಂತಿದ್ಲು. ಅಕ್ಕನ ದನಿ ಎರಡನೇ ಮಾತಿಗೆ ಏರ್ತು, ಐದನೇ ಮಾತಿಗೆ ಮನಿ ತುಂಬ್ತು. ಅಕಿ ಗಂಡ ಆದ್ಲು, ಆಳು ಆದ್ಲು, ಪಂಚರು ಆದ್ಲು. ಗೌಡ ಆಗಿ ಗುಡಗಿದಾಗ ನಮ್ಮ ಅಂಗಡಿ ಕನ್ನಡಿ ಮುಂದ ರುಮಾಲು ಸುತ್ತಿಕೊಂಡು ನಿಲ್ತಿದ್ದ ಮಂದಿ ಎಲ್ಲಾ ಅಕಿ ದನಿಯಾಗ ಬಂದು ನಿಂತ್ರು. ಚಾದರದ ಥಪ್ಪಿ ಮ್ಯಾಲ ಕುಂತು ಕೇಳಿದ್ದು ಒಂದೂ ಮರತಿರಲಿಲ್ಲ! ನಾ ಪೆನ್ಸಿಲ್ ಹಿಡದು ಹಾಳಿ ಮ್ಯಾಲಿನ ಕೊಂಡಿ ನೋಡ್ಕೋತ ಹೋದೆ. ಸುಗಲಾಬಾಯಿ ಪ್ರತಿ ಮಾತು ಅಲ್ಲಿ ಬರದ ಎರಡು ಶಬ್ದಕ್ಕ ಬಂದು ಮುಗೀತಿತ್ತು. ಒಂದಕ್ಕ ಟಿಕ್, ಇನ್ನೊಂದಕ್ಕ ಟಿಕ್. ನಲವತ್ತೊಂದು ಟಿಕ್ ಹಾಕಿದೆ, ಒಂದೂ ತಪ್ಪಲಿಲ್ಲ. ಬಾಗಿಲದಾಗ ಓಣಿ ಮಂದಿ ಕೂಡಿತ್ತು. ಒಬ್ಬಾಕಿ, "ಇದು ನಮ್ಮ ಸುಗಲಾ ಆಯಿನ ಏನು?" ಅಂತ ಬಾಯಿ ಮ್ಯಾಲ ಕೈ ಇಟ್ಕೊಂಡಿದ್ಲು.

ಕೊನೀ ಸೀನು ಬಂತು. ಸುಗಲಾಬಾಯಿ ಹೊಸ್ತಿಲ ಮ್ಯಾಲ ಕುಂತು, ದೂರ ನೋಡ್ಕೋತ ಸುಮ್ಮನಾದ್ಲು. ಅಕ್ಕನೂ ಸುಮ್ಮನಾದ್ಲು. ತಂಗಿ ಹಾಳಿ ಇಲ್ಲಲ್ಲ! ತಂಗಿ ಏನ್ ಕೇಳ್ತಾಳ ಅಂತ ಯಾರಿಗೆ ಗೊತ್ತು?

"ಅಮ್ಮಾ, ತಂಗಿ ಬಂದು ಏನಂತಾಳ?" ಅಂತ ಅಕ್ಕ ಮೆಲ್ಲಕ ಕೇಳಿದ್ಲು.

"ಅದು ಅಕಿ ಮಾತು ಮಗಳ, ಅಕಿಗೆ ಗೊತ್ತು. ಅಕಿ ಅಂದ್ರ ನಂದು ಬರ್ತೈತಿ. ಇಲ್ಲೇ ಐತಿ" ಅಂತ ಮುದುಕಿ ಎದಿ ಮುಟ್ಟಿ ತೋರಿಸಿದ್ಲು.

ಅಕ್ಕ ಒಂದೊಂದ ಹೇಳಿ ನೋಡಿದ್ಲು. "ಅಕ್ಕಾ, ಯಾಕ ಹಿಂಗ ಮಾಡ್ದಿ?" ಇಲ್ಲ. "ಅಕ್ಕಾ, ಮಾವನ ಕಾಲಿಗೆ ಬೀಳು." ಇಲ್ಲ. "ಅಕ್ಕಾ, ನಿನಗ ಯಾರದಾರ?" ಇಲ್ಲ. ಹತ್ತು ನಮೂನಿ ಕೇಳಿದ್ಲು. ಮುದುಕಿ ಕಣ್ಣಾಗ ನೀರು ಬಂದ್ವು, ಮಾತು ಬರಲಿಲ್ಲ. ಅಕ್ಕ ಕೈಯಾಗಿನ ಹಾಳಿ ಕೆಳಗಿಟ್ಟು, "ಇರ್ಲಿ ಅಮ್ಮಾ, ಇಷ್ಟು ಕೊಟ್ಟೀರಿ, ಸಾಕು" ಅಂದ್ಲು. ಸಾಕಾಗಿರಲಿಲ್ಲ, ಅಕಿ ಮುಖದ ಮ್ಯಾಲ ಬರದಿತ್ತು. ಅಷ್ಟೆಲ್ಲಾ ಆಡಿ, ಕೊನೀಕ ಬಂದು ಮತ್ತ ಮಾತಿಲ್ಲದ ನಿಂತಿದ್ಲು ನಮ್ಮಕ್ಕ.

ನಾವು ತಿರುಗಿ ಹೋಗಬೇಕಾದ ಐದೂವರಿ ರೈಲ ಗಾಡಿ ಸೀಟಿ ದೂರ ಕೇಳಸ್ತು. ನನಗ ಅದನ್ನ ನೋಡಾಕ ಆಗಲಿಲ್ಲ ರೀ. ನಾಟಕ ಗೀಟಕ ಏನೂ ತಲ್ಯಾಗಿದ್ದಿಲ್ಲ. ಎದ್ದು ಹೋಗಿ ಅಕಿ ಕೈ ಹಿಡದೆ.

"ಅಕ್ಕಾ, ನಡಿ ಮನಿಗಿ."

ಹೊಸ್ತಿಲ ಮ್ಯಾಲಿಂದ ಸುಗಲಾಬಾಯಿ ಎದ್ದು ನಿಂತ್ಲು.

"ಬರ್ತೀನಿ ತಂಗೀ, ಬರ್ತೀನಿ. ಆದ್ರ ಕತ್ತಲಾಗೂತನ ಕಾದು ಮುಖ ಮುಚ್ಚಿಕೊಂಡು ಬರಾಕಿ ನಾನಲ್ಲ. ಖರೇ ಆಡಿದಾಕಿಗೆ ಯಾವ ನಾಚಿಕಿ? ಹಾಡ ಹಗಲ, ನಟ್ಟ ನಡು ಓಣ್ಯಾಗ, ಎಲ್ಲಾರೂ ನೋಡೂಹಂಗ ಬರ್ತೀನಿ. ಈ ಊರು ನನಗ ಸುಮ್ಮನಿರು ಅಂದೈತಿ. ನನ್ನ ಮಾತು ಇನ್ನಾ ಮುಗದಿಲ್ಲ. ಮುಗಿಯೂತನ ನೀ ನನ್ನ ಬಾಜೂಕ ಕೂಡು. ಮುಗದ ಮ್ಯಾಲ ಇಬ್ಬರೂ ಕೂಡೇ ಹೋಗೂಣು."

ಬಾಗಿಲದಾಗಿನ ಓಣಿ ಮಂದ್ಯಾಗ ಯಾರೋ ಒಬ್ಬರು ಸೀಟಿ ಹೊಡದ್ರು, ಎಲ್ಲಾರೂ ಚಪ್ಪಾಳಿ ತಟ್ಟಿದ್ರು. ನಾ ಅಕ್ಕನ ಬಾಜೂಕ ಹಂಗ ನೆಲದ ಮ್ಯಾಲ ಕುಂತೆ. ಏಳು ವರ್ಷದಾಕಿ ಇದ್ದಾಗ ನಾ ಸ್ಟೇಜ್ ಮ್ಯಾಲ ಅಕಿನ್ನ ಎಳಕೊಂಡು ಬರೂಬದಲಿ ಬಾಜೂಕ ಕುಂತಿದ್ರ ಹೆಂಗಿರ್ತಿತ್ತು? ಅಕ್ಕನೂ ಕುಂತು ನನ್ನ ಕುತಗಿಗೆ ಬಿದ್ದು ನಗಾಕತ್ಲು, ಅಳಾಕತ್ಲು. ಐದೂವರಿ ಗಾಡಿ ನಮ್ಮನ್ನ ಬಿಟ್ಟು ಹೋತು.

ಅಕ್ಕ ಎರಡು ರಾತ್ರಿ ನಿದ್ದಿಗೆಟ್ಟು, ಮೂವತ್ತಕ್ಕ ಪೂರಾ ನಾಟಕ ಸಮೇತ ಪ್ರಬಂಧ ಯುನಿವರ್ಸಿಟಿಗೆ ಮುಟ್ಟಿಸಿದ್ಲು. ನಾಕು ತಿಂಗಳಕ್ಕ ವೈವಾ. ಸುಗಲಾಬಾಯಿ ನಮ್ಮ ಅಂಗಡಿ ಹಸರು ಇಲಕಲ್ ಸೀರಿ ಉಟ್ಟು ಮುಂದಿನ ಸಾಲಿನ್ಯಾಗ ಕುಂತಿದ್ಲು, ನಾ ಅಕಿ ಬಾಜೂಕ. ಹೊರಗಿನಿಂದ ಬಂದ ಪರೀಕ್ಷಕರು ಕನ್ನಡಕದ ಮ್ಯಾಲಿಂದ ನೋಡಿ, "ತಂಗಿ ಪಾತ್ರದ ಹಾಳಿ ಸಿಕ್ಕಿಲ್ಲ ಅಂತ ನೀವ ಬರದೀರಿ. ಹಂಗಾದ್ರ ತಂಗಿ ಆಡಿದ ಈ ಮಾತಿಗೆ ಆಧಾರ ಏನು ಮೇಡಂ?" ಅಂತ ಕೇಳಿದ್ರು. ಅಕ್ಕ ಕುರ್ಚಿ ಬಿಟ್ಟು ಎದ್ದು ನಿಂತ್ಲು, ತಲಿ ಎತ್ತಿದ್ಲು. "ಅಡಿಟಿಪ್ಪಣಿ ನೋಡ್ರಿ ಸರ್" ಅಂತ ನನ್ನ ಕಡೆ ಕೈ ಮಾಡಿದ್ಲು. ಅವರು ಓದಿದ್ರು, ನನ್ನ ಕಡೆ ನೋಡಿದ್ರು, ಪುಸ್ತಕ ಮುಚ್ಚಿ ಸಹಿ ಹಾಕಿದ್ರು. ಅಕ್ಕ ಡಾಕ್ಟರ್ ಆದ್ಲು!

ಮನಿಗೆ ಬಂದ ಕೂಡಲೆ ಆ ದಪ್ಪನ ಪುಸ್ತಕ ತಗದೆ. ಕೊನೀ ಹಾಳಿ, ಕೆಳಗ ಸಣ್ಣ ಅಕ್ಷರ. ಒಂದೊಂದ ಅಕ್ಷರ ಕೂಡಿಸಿಕೊಂಡು ಓದಿದೆ:

'ಮೂಲದಲ್ಲಿ ಇದೇ ಮಾತು ಇತ್ತೆಂದು ನಾನು ಹೇಳಲಾರೆ. ಉತ್ತರ ಬಂದದ್ದು ಈ ಮಾತಿಗೆ. ಕೊಟ್ಟವರು: ನನ್ನ ತಂಗಿ ನಂದಾ. ಈ ಮಾತನ್ನು ಅವಳು ಮೊದಲ ಸಲ ಆಡಿದಾಗ ಅವಳಿಗೆ ಏಳು ವರ್ಷ.'

ಅಡಿಟಿಪ್ಪಣಿ ಓದಿ ಬಿಕ್ಕಿ ಬಿಕ್ಕಿ ಅತ್ತವರು ಈ ಜಗತ್ತಿನ್ಯಾಗ ನಾ ಒಬ್ಬಾಕಿನ ಇರಬೇಕು.